ಪೋಸ್ಟರಿನಲ್ಲಿ ಬರೆದ ಕಾಯಿಲೆ

ಅಸೆಂಕ್ರೋಮ್, ಘಾನಾ
ಆಗಸ್ಟ್ 9, ಭಾನುವಾರ

ಪ್ರೀತಿಯ ಮನ್ಸಾ,

‘ಪ್ರೀತಿಯ’ ಎಂದು ಬರೆಯುವಾಗ ಕೈ ತಡೆಯಿತು. ಆದರೂ ಬರೆದೆ. ಒಂದೇ ತಟ್ಟೆಯಲ್ಲಿ ಮೆಕ್ಕೆಜೋಳದ ಕೆಂಕೆ ಉಂಡೆ, ಹುರಿದ ಮೀನು ತಿನ್ನುತ್ತಾ ನಮ್ಮ ಭಾಷೆಯ ಅಂತರಜಾಲ ವಿಶ್ವಕೋಶ ಕಟ್ಟಲು ಕೂತವರು ನಾವು. ನಿನ್ನೊಡನೆ ಜಗಳವಾಡದೆ ಇನ್ಯಾರೊಡನೆ ಆಡಲಿ?

ನಮ್ಮೂರ ಮೀನು ಸಂತೆಯ ಪುಟದಿಂದ ನಾನು ಬರೆದ ಸಾಲನ್ನು ನೀನು ಅಳಿಸಿದೆ. ಸಂತೆ ಕೆಡವಲು ಬಂದ ಪುರಸಭೆಯ ಬುಲ್ಡೋಜರಿಗೆ ಅಡ್ಡ ಕೂತ ತವಿಯಾ, ಪುರಸಭೆ ಕಾವಲುಗಾರರ ದೊಣ್ಣೆ ಏಟಿಗೆ ಸತ್ತಳು ಎಂಬುದೇ ಆ ಸಾಲು. ಅದರ ಜಾಗದಲ್ಲಿ ನೀನು ಬರೆದೆ: ‘ತವಿಯಾ ಅಲ್ಪಕಾಲದ ಅನಾರೋಗ್ಯದಿಂದ ನಿಧನರಾದರು.’ ಆಧಾರ ಏನು? ಅವಳ ಅಂತ್ಯಕ್ರಿಯೆಯ ಪೋಸ್ಟರ್. ಅಚ್ಚಾಗಿದೆ, ಊರ ಗೋಡೆಗಳ ಮೇಲೆಲ್ಲ ಅಂಟಿದೆ, ಮನೆಯವರೇ ಹಾಕಿಸಿದ್ದಾರೆ. ಆದ್ದರಿಂದ ನಂಬಬಹುದು ಎಂಬುದು ನಿನ್ನ ವಾದ.

ತವಿಯಾ ನನ್ನ ಅಮ್ಮ ಎಂದು ಗೊತ್ತಿದ್ದೂ ನೀನು ಹಾಗೆ ಬರೆದೆ.

ಸಂತೆಯ ಹೆಂಗಸರ ಮಾತನ್ನು ನಾನು ಆಧಾರವಾಗಿ ಕೊಟ್ಟಾಗ, ಗ್ರಂಥಾಲಯದ ಸಭೆಯಲ್ಲಿ ಎಲ್ಲರೆದುರು ನೀನು ಅಂದೆ, "ಅತ್ಕೊಂಡು ಹೇಳಿದ್ದೆಲ್ಲ ಆಧಾರ ಆಗಲ್ಲ ಕಣೇ. ಅಚ್ಚಾಗಿರೋದು ತೋರ್ಸು." ಕೂತವರು ನಕ್ಕರು.

ಸರಿ, ಅಚ್ಚಿನ ಮಾತೇ ಆಡೋಣ. ಪೋಸ್ಟರ್ ಹಾಕಿಸಿದ್ದು ಕುಲದ ಹಿರಿಯರಾದ ನನ್ನ ಸೋದರಮಾವ ಕೊಬಿನಾ. ಆ ಸಾಲನ್ನು ಯಾಕೆ ಬರೆಸಿದಿರಿ ಎಂದು ಹೋಗಿ ಕೇಳಿದೆ. "ನಾನೆಲ್ಲಿ ಬರೆಸ್ದೆ ತಾಯಿ? ಪ್ರೆಸ್ಸಿನವನ ಹತ್ರ ಅದು ಮೊದ್ಲೇ ಇರುತ್ತೆ. ಫೋಟೋ, ಹೆಸ್ರು ಬದ್ಲಾಯಿಸ್ತಾನೆ, ಅಷ್ಟೇ. ಈ ಊರಲ್ಲಿ ಎಲ್ರೂ ಆ ಒಂದೇ ಕಾಯಿಲೆಗೆ ಸಾಯೋದು" ಎಂದು ನಕ್ಕರು. ನಾನು ನಗಲಿಲ್ಲ. ಆಗ ದನಿ ತಗ್ಗಿಸಿದರು. "ದೊಣ್ಣೆ ಅಂತ ಹಾಕ್ಸಿದ್ರೆ ಹೂಳೋಕೆ ಚೀಟಿ ಯಾರು ಕೊಡ್ತಿದ್ರು? ಅದೇ ಪುರಸಭೆಯೋರೇ ತಾನೆ?"

ಇದು ನಿನ್ನ ನಂಬಲರ್ಹ ಆಧಾರ.

ನಿನ್ನ ಅಪ್ಪ ದೋಣಿ ಮಗುಚಿ ಸತ್ತರು. ಹೆಣ ದಡ ಸೇರುವವರೆಗೂ ನಾವಿಬ್ಬರೂ ಮರಳಲ್ಲಿ ಕೂತಿದ್ದೆವು. ಅವರ ಪೋಸ್ಟರನ್ನು ನಿಮ್ಮ ಗೇಟಿಗೆ ಅಂಟಿಸಿದವಳು ನಾನು. ಅದರಲ್ಲೂ ಅಲ್ಪಕಾಲದ ಅನಾರೋಗ್ಯವೇ ಇತ್ತು. ಸಮುದ್ರ ಯಾವ ಕಾಯಿಲೆ, ಮನ್ಸಾ?

ನಿಯಮ ಬೇಡ ಎನ್ನುತ್ತಿಲ್ಲ. ನಿಯಮವಿಲ್ಲದಿದ್ದರೆ ಸಂತೆ ತಾನಾಗಿಯೇ ಕುಸಿಯಿತೆಂದು ಪುರಸಭೆಯವನೇ ಬಂದು ಬರೆದಾನು. ಆದರೆ ಅಚ್ಚಿನ ಯಂತ್ರ ಯಾರ ಭಯದಲ್ಲಿ ಓಡುತ್ತಿದೆ ಎಂದು ನೋಡದೆ ಅದು ಉಗುಳಿದ್ದನ್ನೆಲ್ಲ ನುಂಗುವುದು ನಿಯಮವಲ್ಲ, ಗುಲಾಮಗಿರಿ. ಮೀನನ್ನು ಹೊಗೆಗಿಟ್ಟು ಒಣಗಿಸುವ ಹೆಂಗಸರಿಗೆ ಪತ್ರಿಕೆಯಿಲ್ಲ. ಬಾಯಿದೆ. ಆ ಬಾಯಿಯನ್ನು ನೀನು ಒಪ್ಪುವ ದಾರಿಯಲ್ಲೇ ತಂದಿದ್ದೇನೆ.

ನಮ್ಮ ಕರಾವಳಿಯ ರೇಡಿಯೋದವರ ಬಳಿ ಹೋದೆ. ಪ್ರಶ್ನೆ ನಾನು ಕೇಳಲಿಲ್ಲ, ಒಳಗೂ ಹೋಗಲಿಲ್ಲ. ಅವರೇ ಆ ಹೆಂಗಸರನ್ನು ಒಬ್ಬೊಬ್ಬರಾಗಿ ಬೇರೆ ಬೇರೆ ಕೂರಿಸಿ ಕೇಳಿದರು. ಏಟು ಬಿದ್ದದ್ದನ್ನು ತಾನು ನೋಡಲಿಲ್ಲ ಎಂದಳು ಒಬ್ಬಳು. ಅದನ್ನೂ ಪ್ರಸಾರ ಮಾಡಿದರು. ಕೆಲಸ ಬಿಟ್ಟ ಕಾವಲುಗಾರನೊಬ್ಬ ದೊಣ್ಣೆ ಬೀಸಿದ್ದು ನಿಜ, ಯಾರಿಗೆ ಬಿತ್ತೋ ಗೊತ್ತಿಲ್ಲ ಎಂದ. ಪುರಸಭೆ ಬಾಯಿ ಬಿಡಲಿಲ್ಲ. ಅಮ್ಮನನ್ನು ಮನೆಗೆ ಹೊತ್ತು ತಂದ ಬೊಟ್ವೆ ಅಜ್ಜಿಯನ್ನು, ಪೋಸ್ಟರಿನಲ್ಲಿ ಅನಾರೋಗ್ಯ ಅಂತಿದೆಯಲ್ಲ ಎಂದು ಕೇಳಿದರಂತೆ. ಅಜ್ಜಿ ಅಂದದ್ದು: "ತಲೆ ಒಡೆದೋಗಿತ್ತಪ್ಪಾ. ರಕ್ತ ಇಳಿದಿದ್ದು ನನ್ನ ಬೆನ್ನ ಮೇಲೆ, ಪೋಸ್ಟರ್ ಮೇಲಲ್ಲ."

ಇಡೀ ಕಾರ್ಯಕ್ರಮ ರೇಡಿಯೋದವರ ತಾಣದಲ್ಲಿದೆ, ಬರಹದಲ್ಲೂ ಇದೆ. ನನ್ನ ಹಳೆಯ ಸಾಲೇ ಬೇಕೆಂದು ಹಟವಿಲ್ಲ. ಯಾರು ಏನೆಂದರು ಎಂದು ಬರೆದರೆ ಸಾಕು. ಪೋಸ್ಟರಿನ ಮಾತೂ ಇರಲಿ, ಪೋಸ್ಟರಿನ ಮಾತೆಂದೇ ಇರಲಿ. ಆದರೆ ದೊಣ್ಣೆಯಿಲ್ಲದ ಪುಟವನ್ನು ನಾನು ಒಪ್ಪುವುದಿಲ್ಲ.

ನಿನ್ನ ಜಗಳಗಂಟಿ ಗೆಳತಿ,
ಅರಾಬಾ

ಮರೆತ ಮಾತು: ಇದನ್ನು ಬರೆಯಲು ಕೂರುವ ಮುಂಚೆ ಸಂತೆಯ ಪುಟಕ್ಕೆ ಸೇರಿದ ಚರ್ಚೆಪುಟದಲ್ಲಿ ನನ್ನ ನಿಜ ಹೆಸರು ಹಾಕಿ, ತವಿಯಾ ನನ್ನ ತಾಯಿ ಎಂದು ಬರೆದೆ. ಸಂಬಂಧಿಕರು ತಮ್ಮವರ ಬಗೆಗಿನ ಪುಟ ತಿದ್ದಬಾರದೆಂಬ ನಿಯಮ ನೀನೇ ತಂದದ್ದು. ಇನ್ನು ನಾನು ಸಂತೆಯ ಪುಟವನ್ನು ಮುಟ್ಟುವುದಿಲ್ಲ. ಸಾಲು ಬರೆಯಬೇಕಾದವಳು ನೀನು. ಒಲ್ಲೆಯಾದರೆ ಕಾರಣವನ್ನು ಆ ಚರ್ಚೆಪುಟದಲ್ಲೇ, ನನ್ನ ಹೆಸರಿನ ಕೆಳಗೆ, ನಿನ್ನ ಹೆಸರು ಹಾಕಿ ಬರೆ.