ಅಮ್ಮ ಹಾಕಿದ ಸಹಿ

ಪಂಜ,
ಶುಕ್ರವಾರ

ಮಾನ್ಯ ಡಾಕ್ಟರರಿಗೆ ನಮಸ್ಕಾರ.

ಕಳೆದ ತಿಂಗಳು ನೆಲ್ಯಾಡಿಯಲ್ಲಿ ಜೀಪು ಲಾರಿಗೆ ಬಡಿದು, ಸ್ಟಿಯರಿಂಗ್ ಎದೆಗೆ ಒತ್ತಿ, ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ ಹರಿದು ನಿಮ್ಮಲ್ಲಿಗೆ ಬಂದ ಮೇದಪ್ಪನವರ ಮಗಳು ನಾನು.

ಅಂದು ನೀವು ಚೀಟಿಯ ಹಿಂಬದಿಯಲ್ಲಿ ಚಿತ್ರ ಬರೆದು ಎರಡು ದಾರಿ ತೋರಿಸಿದಿರಿ. ಎದೆ ತೆರೆದು ಹರಿದಲ್ಲಿ ಬಟ್ಟೆಯ ಕೊಳವೆ ಹೊಲಿಯುವುದು ಒಂದು. ಅದನ್ನು ಆಗಲೇ ಮಾಡಬಹುದಿತ್ತು, ಆದರೆ ಜೀವಕ್ಕೆ ಅಪಾಯ ಹೆಚ್ಚು, ಕಾಲುಗಳ ಸ್ವಾಧೀನ ಹೋಗುವ ಭಯವೂ ಇತ್ತು. ತೊಡೆಯ ನಾಳದಿಂದ ಸ್ಟೆಂಟ್ ಕಳಿಸಿ ಒಳಗಿನಿಂದಲೇ ಮುಚ್ಚುವುದರಲ್ಲಿ ಅಪಾಯ ಕಡಿಮೆ, ಆದರೆ ಅಪ್ಪನ ಅಳತೆಯದ್ದು ಬೆಂಗಳೂರಿನಿಂದ ಮರುದಿನ ಮಧ್ಯಾಹ್ನ ಬರಬೇಕಿತ್ತು. ಬಿ.ಪಿ. ಇಳಿಸಿಟ್ಟರೆ ಸಾಮಾನ್ಯವಾಗಿ ಕಾಯಬಹುದು ಎಂದಿರಿ. ಅಮ್ಮ ಅಪ್ಪನ ಮುಖ ನೋಡಿದರು. "ಎದೆ ಕೊಯ್ಯುದು ಬೇಡ, ಕಾಯುವ" ಎಂದು ಸಹಿ ಹಾಕಿದರು.

ಮರುದಿನ ಬೆಳಿಗ್ಗೆ ಹತ್ತು ಗಂಟೆಗೆ ಅಪ್ಪ ನೀರು ಕೇಳಿದರು. ಅಮ್ಮ ಹತ್ತಿಯನ್ನು ಒದ್ದೆ ಮಾಡಿ ತುಟಿಗೆ ಇಡುವಷ್ಟರಲ್ಲಿ ಎಲ್ಲ ಮುಗಿದಿತ್ತು. ಸ್ಟೆಂಟ್ ಬರುವಾಗ ನಾವು ಅಪ್ಪನನ್ನು ಕರೆದುಕೊಂಡು ಊರಿಗೆ ಹೊರಟಿದ್ದೆವು.

ಅಮ್ಮ ಈಗ ಸರಿಯಾಗಿ ಉಣ್ಣುವುದಿಲ್ಲ. "ಸಹಿ ಹಾಕಿದ್ದು ನಾನಲ್ವಾ? ಕೊಯ್ದಿದ್ರೆ ಅವರು ಇರ್ತಿದ್ರು" ಎನ್ನುತ್ತಾರೆ. ನಾನು ಎಷ್ಟು ಹೇಳಿದರೂ ಅವರಿಗೆ ಅದು ಮಗಳ ಮಾತು ಮಾತ್ರ.

ಒಂದು ಉಪಕಾರ ಮಾಡಿ. ನಿಮ್ಮ ಮನೆಯವರೇ ಆಗಿದ್ದರೂ ನೀವು ಕಾಯುತ್ತಿದ್ದಿರಿ ಎಂದು ಎರಡು ಸಾಲು ಕನ್ನಡದಲ್ಲಿ ಅಮ್ಮನಿಗೆ ಬರೆಯಿರಿ. ಹೆಸರು ಸೇವಂತಿ. ಅಕ್ಷರ ಸ್ವಲ್ಪ ದೊಡ್ಡದಿರಲಿ, ಅವರೇ ಓದಬೇಕು.

ಅದು ನಿಜವಲ್ಲದಿದ್ದರೆ ದಯವಿಟ್ಟು ನನ್ನ ಹೆಸರಿಗೆ ಬರೆಯಿರಿ. ನಾನೊಬ್ಬಳೇ ಓದಿ ಇಟ್ಟುಕೊಳ್ಳುತ್ತೇನೆ.

ಇಂತಿ ನಿಮ್ಮ ವಿಧೇಯಳು,
ಸುರಕ್ಷಾ