ಪಾರಿಯ ಬಟ್ಟಲಿನ ಕರಿಕಲ್ಲು

ಗುಂಡಿಕೆರೆ ದಂಡೆಯ ಶಾಲೆ,
ಏಪ್ರಿಲ್ ನಲವತ್ತೇಳು, ೨೨೧೬

ನಮಗಿಂತ ಮುಂಚೆ ಮಕ್ಕಳಿಗೆ ಪಾಠ ಹೇಳಿದ ಎಲ್ಲರಿಗೂ ಹುಲಿಗೆವ್ವ ಮಾಡುವ ನಮಸ್ಕಾರ.

ತಾರೀಖು ನೋಡಿ ಗಾಬರಿಯಾಗಬೇಡಿ. ನಮ್ಮಲ್ಲಿ ಮೇ ತಿಂಗಳಿಲ್ಲ. ಅದೇ ಬಿಸಿಲಿಗೆ ಎರಡು ಹೆಸರು ಯಾಕೆಂದು ಹಿರಿಯರು ಏಪ್ರಿಲ್ಲನ್ನೇ ಅರವತ್ತೊಂದರ ತನಕ ಎಳೆದಿದ್ದಾರೆ. ನನ್ನ ಮಾತು ವಿಚಿತ್ರವೆನಿಸಿದರೆ ಅರ್ಧ ತಪ್ಪು ಕಾಲದ್ದು, ಅರ್ಧ ನನ್ನದು. ನಾನು ಓದಿದ್ದು ಮೂರನೆಯ ತರಗತಿ, ಅದೂ ಪೂರ್ತಿಯಲ್ಲ. ಒತ್ತಕ್ಷರ ಬಂದಲ್ಲೆಲ್ಲ ಕೈ ನಿಂತುಬಿಡುತ್ತದೆ. ತಪ್ಪಿದ್ದರೆ ಮನ್ನಿಸಿ. ಅದಕ್ಕಿಂತ ದೊಡ್ಡ ತಪ್ಪು ಮುಂದಿದೆ.

ಇಂಥ ಕಾಗದಕ್ಕೆ ನಾವು ಹಿಂದೋಲೆ ಎನ್ನುತ್ತೇವೆ. ಮನಸ್ಸಿನ ಪಾಠದಲ್ಲಿ ಐದನೆಯ ತರಗತಿಯವರು ವರ್ಷಕ್ಕೊಮ್ಮೆ ಬರೆಯುತ್ತಾರೆ. ಯಾರಿಗೂ ಹೇಳಲಾಗದ್ದನ್ನು ಹಿಂದಿನ ಕಾಲದವರಿಗೆ ಬರೆಯಬೇಕು. ಅವರು ಬಯ್ಯಲಾರರು, ಮನೆಗೆ ಹೇಳಿ ಕಳಿಸಲಾರರು. ಬರೆದದ್ದನ್ನು ಕಲ್ಲಿನ ಪೆಟ್ಟಿಗೆಯಲ್ಲಿ ಹಾಕುತ್ತಾರೆ, ಯಾರೂ ಓದುವುದಿಲ್ಲ. ನಾನು ಈ ಶಾಲೆಯಲ್ಲಿ ಕಸ ಗುಡಿಸುವವಳು. ಇವತ್ತು ಕಿಟಕಿ ಒರೆಸುತ್ತಿದ್ದಾಗ ಯಮನೂರಪ್ಪ ಮೇಷ್ಟ್ರು ಕಾಗದ ಕೈಗಿಟ್ಟು, "ನೀವೂ ಕುಂದರ್ರಿ ಹುಲಿಗೆವ್ವಾರ, ಕಿಟಕಿ ಎಲ್ಲಿ ಓಡಿ ಹೋಗ್ತೈತಿ" ಎಂದರು. ಪಕ್ಕದ ಹುಡುಗಿ ತನ್ನ ಹಾಳೆಗೆ ಕೈ ಅಡ್ಡ ಇಟ್ಟುಕೊಂಡು, "ಅಜ್ಜೀ, ನಂದು ನೋಡ್ಕೊಂಡು ಬರೀಬ್ಯಾಡ ಮತ್ತ" ಎಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ.

ನಮ್ಮ ಊರು ನಿಮ್ಮ ಕಾಲದಲ್ಲಿ ಅದಿರು ತೋಡುವ ಗುಂಡಿಯಾಗಿತ್ತಂತೆ. ಈಗ ಅದು ಕೆರೆ. ನೀರಿನ ಮೇಲೆ ಬಿಸಿಲುಹಲಗೆಗಳು ತೇಲುತ್ತವೆ, ಊರಿಗೆಲ್ಲ ದೀಪ ಅವುಗಳಿಂದಲೇ. ಹೆಣ್ಣುಮಕ್ಕಳು ಬೆಳಕು ಹರಿಯುವ ಮೊದಲೇ ದೋಣಿಯಲ್ಲಿ ಹೋಗಿ ಅವುಗಳ ಧೂಳು ಒರೆಸುತ್ತಾರೆ. ಶಾಲೆ ದಂಡೆಯ ಮೇಲಿದೆ. ಅಂಕಿ, ಅಕ್ಷರದಷ್ಟೇ ಮನಸ್ಸಿನ ಪಾಠಕ್ಕೂ ಬೆಲೆ. ಒಂದು ದಿನ ಮಕ್ಕಳು ನೆಲದ ಮೇಲೆ ಅಂಗಾತ ಮಲಗಿ, ಹೊಟ್ಟೆಯ ಮೇಲೆ ಬೇವಿನ ಎಲೆ ಇಟ್ಟುಕೊಂಡು, ಅದು ಏಳುವುದು ಇಳಿಯುವುದು ನೋಡುತ್ತಾರೆ. ಇನ್ನೊಂದು ದಿನ ಒಬ್ಬರ ಬೆನ್ನಿಗೆ ಹಾಳೆ ಅಂಟಿಸಿ, ಆ ಮಗುವಿನಲ್ಲಿ ತಮಗೆ ಕಂಡ ಒಳ್ಳೆಯದನ್ನು ಉಳಿದವರೆಲ್ಲ ಬರೆಯುತ್ತಾರೆ. ಸಂಜೆ ಕಸದಲ್ಲಿ ಆ ಹಾಳೆಗಳು ಸಿಗುತ್ತವೆಯೇನೋ ಎಂದು ನೋಡುತ್ತೇನೆ. ಒಂದೂ ಸಿಗುವುದಿಲ್ಲ, ಎಲ್ಲ ಮನೆಗೆ ಹೋಗಿರುತ್ತವೆ.

ಇವೆಲ್ಲಕ್ಕಿಂತ ಹಳೆಯದು ಕಲ್ಲುಬಟ್ಟಲು. ಒಳಗೆ ಬರುವಾಗ ಪ್ರತಿ ಮಗುವೂ ಗೂಡಿನಲ್ಲಿರುವ ತನ್ನ ಬಟ್ಟಲಿಗೆ ಒಂದು ಕಲ್ಲು ಹಾಕಬೇಕು. ಬಿಳಿ ಬೆಣಚುಕಲ್ಲು ಎಂದರೆ ಮನಸ್ಸು ಹಗುರ, ಕೆಂಪು ಅದಿರು ಎಂದರೆ ಸಿಟ್ಟು, ಹಳದಿಗೆ ಅಂಜಿಕೆ, ಕರಿಕಲ್ಲಿಗೆ ಭಾರ. ಮೊದಲ ಪಾಠ ಮುಗಿದ ಮೇಲೆ ಮೇಷ್ಟ್ರು ಬಂದು ನೋಡುತ್ತಾರೆ. ಮೂರು ದಿನ ಸಾಲಾಗಿ ಕರಿಕಲ್ಲು ಬಿದ್ದರೆ ಆ ಮಗುವಿನೊಂದಿಗೆ ಬೇವಿನ ಮರದಡಿಯ ಜೊತೆಬೆಂಚಿನ ಮೇಲೆ ಕೂರುತ್ತಾರೆ. ಏನೂ ಕೇಳುವುದಿಲ್ಲ. ಮಗು ಬಾಯಿ ಬಿಡುವ ತನಕ ಸುಮ್ಮನೆ ಕೂರುವುದು, ಅಷ್ಟೇ.

ಆದರೆ ಇದೇ ಶಾಲೆಯಲ್ಲಿ ಓದುತ್ತಿದ್ದ ಎಂಟು ವರ್ಷದ ನನಗೆ ಇದನ್ನು ಯಾರೂ ಬಿಡಿಸಿ ಹೇಳಿರಲಿಲ್ಲ. ತಮ್ಮ ತೀರಿಕೊಂಡ ವಾರ ಮೂರು ಕರಿಕಲ್ಲು ಹಾಕಿದ್ದೆ. ಆಗಿನ ಮೇಷ್ಟ್ರು ಬೆಂಚಿಗೆ ಕರೆದರು. ಕಿಟಕಿಯಿಂದ ಹುಡುಗರು "ಹುಲಿಗಿ ಬೆಂಚ್ ಹತ್ತಿದ್ಲು!" ಎಂದು ಕೂಗಿದರು. ಅದು ಶಿಕ್ಷೆ, ಇನ್ನು ನನ್ನನ್ನು ಹೊರಗೆ ಹಾಕುತ್ತಾರೆ ಎಂದುಕೊಂಡು ಗೋಡೆ ಹಾರಿ ಓಡಿದವಳು ಮತ್ತೆ ತರಗತಿಗೆ ಬರಲಿಲ್ಲ. ದೊಡ್ಡವಳಾದ ಮೇಲೆ ಪೊರಕೆ ಹಿಡಿದು ಬಂದೆ. ಬೆಂಚು ಶಿಕ್ಷೆಯಲ್ಲವೆಂದು ಈಗ ತಲೆಗೆ ಗೊತ್ತು. ಹೊಟ್ಟೆಗೆ ಇನ್ನೂ ಗೊತ್ತಿಲ್ಲ.

ಪಾರಿಜಾತ ಎಂಬ ಹುಡುಗಿ ನಾಲ್ಕನೆಯ ತರಗತಿಯವಳು, ನಾವು ಪಾರಿ ಎನ್ನುತ್ತೇವೆ. ತಾಯಿ ಹಲಗೆ ಒರೆಸುವವಳು. ಬಟ್ಟಲಿನ ಗೂಡು ಒರೆಸುವುದು ನನ್ನ ಕೆಲಸ, ಮೇಷ್ಟ್ರು ನೋಡುವ ಮೊದಲು. ಪಾರಿಯ ಬಟ್ಟಲಿನಲ್ಲಿ ಎರಡು ದಿನ ಕರಿಕಲ್ಲು ಕಂಡಿತು. ಮೂರನೆಯ ದಿನವೂ ಕಂಡಿತು. ಪಾಪ, ಈ ಮಗುವೂ ಗೋಡೆ ಹಾರೀತು ಎಂದುಕೊಂಡೆ. ಕೈ ತಾನಾಗಿ ಹೋಯಿತು ಎಂದು ಬರೆಯಬೇಕೆನಿಸುತ್ತದೆ, ಅದು ಸುಳ್ಳು. ಆ ಕಡೆ ಈ ಕಡೆ ನೋಡಿ ಕರಿಕಲ್ಲು ತೆಗೆದೆ, ಬಿಳಿಯದನ್ನು ಇಟ್ಟೆ. ಒಂಬತ್ತು ದಿನ ಹಾಗೇ ಮಾಡಿದೆ. ಹತ್ತನೆಯ ದಿನ ಅವಳೇ ಬಿಳಿ ಹಾಕಿದ್ದಳು. ನನಗೆ ಎಷ್ಟು ಸಂತೋಷವಾಯಿತೆಂದರೆ ಅವತ್ತು ಅವಳಿಗೆ ಕಡಲೆ ಉಂಡೆ ಕೊಟ್ಟೆ.

ಅವಳ ಎಡಗಿವಿ ಸೋರುತ್ತಿತ್ತು. ಮೇಷ್ಟ್ರ ಮಾತು ಸರಿಯಾಗಿ ಕೇಳದೆ, ತನಗೆ ಬುದ್ಧಿ ಕಡಿಮೆಯಾಗುತ್ತಿದೆ ಎಂದುಕೊಂಡಿದ್ದಳು. ಅದನ್ನು ಬಾಯಲ್ಲಿ ಹೇಳಲು ನಾಚಿ ಕಲ್ಲಿನಲ್ಲಿ ಹೇಳುತ್ತಿದ್ದಳು. ತಿಂಗಳ ಮೇಲೆ, ದಂಡೆಗೆ ಬರುತ್ತಿದ್ದ ದೋಣಿಯ ಕೊಂಬಿನ ಸದ್ದು ಕೇಳದೆ ಕಟ್ಟೆಯ ತುದಿಗೆ ನಿಂತಿದ್ದವಳನ್ನು ತಾಯಿ ರಟ್ಟೆ ಹಿಡಿದು ಎಳೆದುಕೊಂಡಾಗಲೇ ಎಲ್ಲರಿಗೂ ತಿಳಿದದ್ದು. ನಂಜು ಆಗಲೇ ಬಲಗಿವಿಗೂ ಹಬ್ಬಿತ್ತು, ಆದರೆ ಅದು ಉಳಿಯಿತು. ಎಡಗಿವಿ ಹೋಯಿತು, ಮೊದಲೇ ಬಂದಿದ್ದರೆ ಉಳಿಸಬಹುದಿತ್ತು ಎಂದರು ವೈದ್ಯರು.

ಯಾಕೆ ಹೇಳಲಿಲ್ಲವೆಂದು ತಾಯಿ ಕೇಳಿದಾಗ ನಾನು ಬಾಗಿಲ ಬಳಿ ಇದ್ದೆ. "ಹೇಳಿದ್ನೆವ್ವಾ. ಸಂಜಿಕಿ ನೋಡಿದ್ರ ಬಟ್ಟಲದಾಗ ಬಿಳೀದಿರ್ತಿತ್ತು. ಮೇಷ್ಟ್ರಿಗೆ ಕರೀದು ಬ್ಯಾಡೇನೋ ಅಂತ ನಾನೂ ಬಿಳೀದು ಹಾಕಿದೆ" ಎಂದಳು ಪಾರಿ. ಬಟ್ಟಲಿಗೆ ಕೈ ಹಾಕಿದವರು ಯಾರೆಂದು ಮೇಷ್ಟ್ರು ಮಕ್ಕಳನ್ನೆಲ್ಲ ಕೇಳಿದರು. ನನ್ನನ್ನು ಕೇಳಲಿಲ್ಲ. ನಾನೂ ಹೇಳಲಿಲ್ಲ. ಅವರು ಕೇಳಿದ್ದೂ ಬರೀ ತೋರಿಕೆಗೆ ಎಂದುಕೊಂಡ ಮಗು ಇವತ್ತಿಗೂ ಅದು ಮೇಷ್ಟ್ರ ಕೆಲಸವೆಂದೇ ನಂಬಿ, ಅವರ ಮುಖ ಕಂಡರೆ ತಲೆ ತಗ್ಗಿಸುತ್ತದೆ.

ನಿಮ್ಮಲ್ಲಿ ಯಾರೋ ಒಬ್ಬರು ಮೊದಲ ಸಲ ಮಕ್ಕಳ ಮುಂದೆ ಇಂಥ ಬಟ್ಟಲು ಇಟ್ಟಿರಬೇಕು. ಅವರಲ್ಲಿ ನನ್ನದೊಂದು ಕೋರಿಕೆ. ಕರಿಕಲ್ಲು ತಪ್ಪಲ್ಲ, ಬೆಂಚು ಶಿಕ್ಷೆಯಲ್ಲ ಎಂದು ಮಕ್ಕಳಿಗೆ ಮೊದಲ ದಿನವೇ ಹೇಳಿ. ಗಂಟೆ ಹೊಡೆಯುವವರಿಗೂ ನೀರು ತುಂಬುವವರಿಗೂ ಕಸ ಗುಡಿಸುವವರಿಗೂ ಹೇಳಿ. ಮಕ್ಕಳ ಭಾರ ಮೊದಲು ಕಾಣುವುದು ನಮಗೇ. ನಮ್ಮ ಕೈಯೋ ಒರೆಸುವುದನ್ನು ಬಿಟ್ಟು ಬೇರೆ ಕಲಿತಿರುವುದಿಲ್ಲ.

ಮೊನ್ನೆ ಗೂಡಿನ ಕೊನೆಯಲ್ಲಿ ನಾನೊಂದು ಬಟ್ಟಲು ಇಟ್ಟೆ, ಹೆಸರು ನಾನೇ ಬರೆದೆ. ಮೊನ್ನೆ ಕರಿಕಲ್ಲು, ನಿನ್ನೆ ಕರಿಕಲ್ಲು, ಇವತ್ತೂ ಕರಿಕಲ್ಲು. ಮೇಷ್ಟ್ರು ನೋಡಿದ್ದಾರೆ. ಆಗಲೇ ಬೇವಿನ ಕೆಳಗೆ ಹೋಗಿ ಕುಳಿತಿದ್ದಾರೆ. ಪಾರಿಯನ್ನೂ ಕರೆಸಿ ಎಂದು ಹೇಳಿ ಕಳಿಸಿದ್ದೇನೆ. ಅಂಗಳದ ಗೋಡೆ ಈಗಲೂ ಅಷ್ಟೇ ಎತ್ತರ ಇದೆ, ಐವತ್ತೆಂಟರ ಮೊಣಕಾಲು ಹಾರಲಾರದು, ಒಳ್ಳೆಯದೇ ಆಯಿತು.

ಇನ್ನು ಏಳುತ್ತೇನೆ. ಮರೆಯದೆ ಅವಳ ಬಲಗಡೆ ಕೂರಬೇಕು.