ತೋಟಾದೊಳಗೆ ಇಣುಕುವ ಕಣ್ಣು

ರೌಂಡಪ್, ಮೊಂಟಾನಾ
ಅಕ್ಟೋಬರ್, ಮಂಗಳವಾರ

ಪ್ರಿಯ ಎಲ್ಡನ್,

ಸಮಸ್ತ ಮೊಂಟಾನಾ ರಾಜ್ಯಕ್ಕೆ ಈ ಮೂಲಕ ಘೋಷಿಸುವುದೇನೆಂದರೆ, ಅಂಗಡಿಯಲ್ಲಿದ್ದ ಅತಿ ಅಗ್ಗದ ಕೋವಿಮದ್ದಿನ ಡಬ್ಬಿಯೊಂದು ನಮ್ಮ ಗ್ಯಾರೇಜನ್ನು ಪ್ರವೇಶಿಸಿದೆ. "ಅದು ಮದ್ದಲ್ಲ ಭಾವ, ಒಲೆ ಮಸಿ. ಎಲ್ಕ್ ಜಿಂಕೆ ಗುಂಡಿಗೆ ಸಾಯಲ್ಲ, ಹೊಗೆಗೆ ಕೆಮ್ಮಿ ಸಾಯತ್ತೆ" ಎಂದು ನೀನು ನಗುವುದು ಇಲ್ಲಿಗೇ ಕೇಳಿಸುತ್ತಿದೆ. ನಳಿಗೆ ಕೊಳಕಾಗುತ್ತದೆ, ಒಪ್ಪಿದೆ. ಉಜ್ಜಲು ಈಗ ನನಗೆ ಬೇಕಾದಷ್ಟು ಪುರುಸೊತ್ತಿದೆ.

ಹಾರಿಸಿ ಖಾಲಿಯಾದ ಹಳೆಯ ಹಿತ್ತಾಳೆ ತೋಟಾಗಳಿಗೆ ಮತ್ತೆ ಮದ್ದು ತುಂಬಿ ಸಾಲಾಗಿ ನಿಲ್ಲಿಸಿದ್ದೇನೆ. ಗುಂಡು ಮಾತ್ರ ಕೂರಿಸಿಲ್ಲ; ಕೂರಿಸಿದರೆ ಬಾಯಿ ಮುಚ್ಚಿ, ಒಳಗೆ ಮದ್ದು ಎಷ್ಟಿದೆಯೆಂದು ಕಾಣುವುದಿಲ್ಲ. ಮೊದಲಾಗಿದ್ದರೆ ಈ ಹೊತ್ತಿಗೆ ನಿನ್ನ ಅಕ್ಕ ಮಾರ್ಲಿಸ್ ಕೈ ಒರೆಸಿಕೊಳ್ಳುತ್ತ ಬಂದು, ಟಾರ್ಚ್ ಹಿಡಿದು ಒಂದೊಂದರೊಳಗೂ ಇಣುಕುತ್ತಿದ್ದಳು. "ಏ ಮುದುಕಾ, ಇದಕ್ಕೆ ಎರಡು ಸಲ ಸುರಿದಿದೀಯ. ಕೋವಿ ಸಿಡಿಸಿಕೊಂಡು ನನ್ನನ್ನ ವಿಧವೆ ಮಾಡೋ ಅವಸರವಾ?" ಎನ್ನುತ್ತಿದ್ದಳು. ಆ ಅವಸರದಲ್ಲಿ ಕೊನೆಗೆ ಅವಳೇ ಗೆದ್ದು, ನನ್ನನ್ನು ವಿಧುರನನ್ನಾಗಿ ಮಾಡಿ ಹೋದಳು.

ಈಗ ನಾನೇ ಇಣುಕಿದರೆ ಎಲ್ಲವೂ ಸರಿಯಾಗಿಯೇ ಕಾಣುತ್ತವೆ. ಸುರಿದವನ ಕಣ್ಣಿಗೆ ಅವನ ತಪ್ಪು ಕಾಣುವುದಿಲ್ಲ, ನಿನಗೆ ಗೊತ್ತಲ್ಲ. ನಾಯಿಯನ್ನು ಕರೆದು ತೋರಿಸಿದೆ. ಅದು ಬಾಲ ಅಲ್ಲಾಡಿಸಿ ಸರ್ವಾನುಮತದಿಂದ ಅಂಗೀಕರಿಸಿತು. ಅದರ ಮಾತು ನಂಬಿ ಕೋವಿಯನ್ನು ಕೆನ್ನೆಗೆ ಒತ್ತಿಕೊಳ್ಳುವ ಧೈರ್ಯ ನನಗಿಲ್ಲ. ಅಂಗಡಿಯ ಸಿದ್ಧ ತೋಟಾ ತರಬಹುದಿತ್ತು. ಆದರೆ ಅದರೊಳಗೆ ಇಣುಕಲು ಯಾರನ್ನೂ ಮನೆಗೆ ಕರೆಯಬೇಕಾಗುವುದಿಲ್ಲ.

ಶನಿವಾರ ಪೇಟೆಗೆ ಬಂದಾಗ ಸ್ವಲ್ಪ ಹೊತ್ತು ಗ್ಯಾರೇಜಿಗೆ ಬಂದು ಇವನ್ನು ನೋಡಿಕೊಟ್ಟು ಹೋಗು. ಓದುವ ಕನ್ನಡಕ ಮರೆಯದೆ ತಾ.

ನಿನ್ನ ಭಾವ,
ಆರ್ವಿಡ್